ಅಪ್ಪನ ಕಾರನ್ನು 22ರಿಂದ ಭಾಗಿಸಿದಾಗ

ಮಕ್ಕಳೇ, ಕಳೆದ ವರ್ಷ ಒಂದು ಮೇಳದಲ್ಲಿ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾರಿನ ಮಾದರಿ ಇಟ್ಟಿದ್ದಳು. ಅಡಿಕೆ ಹಾಳೆ ಮತ್ತು ರಟ್ಟಿನ ಬಿಳಿ ಅಂಬಾಸಡರ್, ಹೆಚ್ಚುಕಡಿಮೆ ಒಂದು ಗೇಣು ಉದ್ದ. ತೀರ್ಪುಗಾರರು ಬಂದು "ಇದು ಓಡುತ್ತದಾ?" ಎಂದು ಕೇಳಿದರು. "ಇಲ್ಲ ಸರ್" ಎಂದಳು. "ಹಾಗಾದರೆ ವಿಜ್ಞಾನ ಎಲ್ಲಿದೆ? ಇದು ಕರಕುಶಲ" ಎಂದು ಹೇಳಿ ಮುಂದೆ ಹೋದರು. ಪಕ್ಕದ ಮೇಜಿನಲ್ಲಿ ಅಡುಗೆ ಸೋಡಾ, ವಿನೆಗರಿನ ಜ್ವಾಲಾಮುಖಿ ನೊರೆ ಉಕ್ಕಿಸುತ್ತಿತ್ತು. ಬಹುಮಾನ ಅದಕ್ಕೇ ಬಂತು. ಬರಲಿ, ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಸ್ವಲ್ಪ ಇದೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟದ್ದು ನನ್ನನ್ನು ಈಗಲೂ ಕೊರೆಯುತ್ತದೆ. ಅದನ್ನು ಇಲ್ಲಿ ಕೊಡುತ್ತೇನೆ.

ಆ ಕಾರು ಮೇಳಕ್ಕಾಗಿ ಮಾಡಿದ್ದಲ್ಲ. ಅವಳ ಅಪ್ಪ ಬದಿಯಡ್ಕದ ಕಡೆ ಟ್ಯಾಕ್ಸಿ ಓಡಿಸುತ್ತಿದ್ದವರು. ಮದುವೆ ದಿಬ್ಬಣ, ರಾತ್ರಿ ಹೊತ್ತು ಮಂಗಳೂರಿನ ಆಸ್ಪತ್ರೆ, ಎಲ್ಲದಕ್ಕೂ ಅದೇ ಅಂಬಾಸಡರ್. ಮೂಲದಲ್ಲಿ ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸ. ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿತ್ತು, 2014ರಲ್ಲಿ ನಿಂತಿತು. ಬಿಡಿಭಾಗ ಸಿಗುವುದು ಕಷ್ಟವಾಯಿತು, ಕೊನೆಗೆ ಗುಜರಿಯವರಿಗೆ ಮಾತಾಯಿತು. ಗಾಡಿ ಹೋಗುವ ಹಿಂದಿನ ದಿನ ಸಂಜೆ ಹುಡುಗಿ ದರ್ಜಿಯ ಟೇಪು ಮತ್ತು ಒಂದು ನೋಟ್‌ಬುಕ್ ಹಿಡಿದು ಅಂಗಳಕ್ಕೆ ಇಳಿದಳು. ಅಪ್ಪನಿಗೆ ಒಂದು ಸಣ್ಣ ಕಾರು ಮಾಡಿಕೊಡಬೇಕು ಅಂತ ಅವಳ ಲೆಕ್ಕ.

ಅಂಗಡಿಯಲ್ಲಿ ಲೋಹದ ಪುಟ್ಟ ಅಂಬಾಸಡರ್ ಸಿಗುತ್ತದಲ್ಲ, ಅದನ್ನೇ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ಅಂಬಾಸಡರ್ ಹೌದು, ಅಪ್ಪನ ಅಂಬಾಸಡರ್ ಅಲ್ಲ. ಹಾಗಂತ ಕೈಯಿಂದ ಮಾಡಿದ ಮಾತ್ರಕ್ಕೆ ಅಪ್ಪನದ್ದಾಗುತ್ತದೆ ಅಂತಲೂ ಇಲ್ಲ. ನಾನು ಹತ್ತನೇ ತರಗತಿಯಲ್ಲಿರುವಾಗ ನನ್ನ ಅಪ್ಪನಿಗೆ ಥರ್ಮೊಕೋಲಿನ ಜೀಪು ಮಾಡಿಕೊಟ್ಟಿದ್ದೆ, ಎಲ್ಲ ಅಂದಾಜಿನ ಮೇಲೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಎಂತ ಮಗಾ, ಬಸ್ಸಾ?" ಎಂದರು. ಕಣ್ಣಿಗೆ ಸರಿ ಕಂಡದ್ದು ಅಳತೆಗೆ ಸರಿ ಇರುವುದಿಲ್ಲ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಆ ಜೀಪಿನಿಂದ ತಿಳಿದದ್ದು.

ಹುಡುಗಿ ಮೊದಲು ಹುಡುಕಿದ್ದು ಚಕ್ರ. ಉರುಟಾದ ಚಕ್ರವನ್ನು ಕೈಯಲ್ಲಿ ಕತ್ತರಿಸುವುದು ಕಷ್ಟ. ಹಾಗಾಗಿ ಸೋಡಾ ಬಾಟಲಿಯ ಮುಚ್ಚಳ. ಅದರ ವ್ಯಾಸ 3 ಸೆಂಟಿಮೀಟರ್, ಕಾರಿನ ಟಯರಿನದ್ದು 66. ಅಂದರೆ 22ರಲ್ಲಿ ಒಂದು ಪಾಲು. ಅಲ್ಲಿಗೆ ಕಾರಿನ ಹಣೆಬರಹ ತೀರ್ಮಾನವಾಯಿತು, ಉಳಿದದ್ದೆಲ್ಲ 22ರಿಂದಲೇ ಭಾಗವಾಗಬೇಕು. 432 ಸೆಂಟಿಮೀಟರ್ ಉದ್ದ 19.6 ಆಯಿತು, 166ರ ಅಗಲ 7.5, ಚಕ್ರದಿಂದ ಚಕ್ರಕ್ಕೆ 246 ಇದ್ದದ್ದು 11.2. ಉರುಟು ಬಾನೆಟ್ಟಿಗೆ ಹಾಳೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬಾಟಲಿಗೆ ಸುತ್ತಿ ಹಗ್ಗ ಕಟ್ಟಿ ಒಣಗಿಸಿದಳು. ನಮ್ಮಲ್ಲಿ ಹಾಳೆಗೆ ಬರವಿಲ್ಲವಲ್ಲ.

ಎಡವಟ್ಟಾದದ್ದು ಆಮೇಲೆ. ಕಾರು ಹೋಗಿ ವಾರ ಕಳೆದ ಮೇಲೆ ನೋಟ್‌ಬುಕ್ ನೋಡಿದರೆ ಮುಂದಿನ ಗಾಜಿನ ಓರೆ ಬರೆದೇ ಇಲ್ಲ! ಕಿಟಕಿಯ ಎತ್ತರವೂ ಇಲ್ಲ. ಅಳತೆ ತಗೊಳ್ಳೋಣ ಅಂದರೆ ಕಾರೇ ಇಲ್ಲ. ನನ್ನ ಹತ್ತಿರ ಬಂದು ಅಳುವ ಹಾಗೆ ನಿಂತಳು. ಮನೆಯಲ್ಲಿ ಫೋಟೊ ಇದೆಯಾ ಎಂದು ಕೇಳಿದೆ. ಪಕ್ಕದಿಂದ ನೇರವಾಗಿ ತೆಗೆದದ್ದು ಒಂದಿತ್ತು. ಅದರಲ್ಲಿ ಎರಡು ಚಕ್ರಗಳ ನಡುವಿನ ದೂರ 82 ಮಿಲಿಮೀಟರ್ ಬಂತು. ನಿಜದಲ್ಲಿ ಅದು 246 ಸೆಂಟಿಮೀಟರ್ ಎಂದು ಅವಳಲ್ಲಿ ಬರೆದಿತ್ತು. ಅಂದರೆ ಫೋಟೊದ ಪ್ರತಿ ಮಿಲಿಮೀಟರಿಗೆ ನಿಜದ 3 ಸೆಂಟಿಮೀಟರ್. ಒಂದು ಅಳತೆ ಗೊತ್ತಿದ್ದರೆ ಇಡೀ ಫೋಟೊ ಒಂದು ಸ್ಕೇಲಾಗುತ್ತದೆ. ಜಾಗ್ರತೆ ಮಾತ್ರ ಬೇಕು. ಕ್ಯಾಮೆರಾದಿಂದ ಚಕ್ರಗಳಷ್ಟೇ ದೂರದಲ್ಲಿರುವ ಭಾಗಗಳಿಗೆ ಮಾತ್ರ ಈ ಲೆಕ್ಕ ಸರಿ. ಅದಕ್ಕಿಂತ ಆಚೆ ಇರುವುದು ಸಣ್ಣದಾಗಿ ಕಾಣುತ್ತದೆ. ಗಾಜಿನ ಓರೆಗಂತೂ ಭಾಗಾಕಾರವೇ ಬೇಡ. ಕೋನಮಾಪಕ ಇಟ್ಟು ನೋಡಿದರೆ ಸಾಕು, ಕಾರು ದೊಡ್ಡದಿರಲಿ ಚಿಕ್ಕದಿರಲಿ ಕೋನ ಅದೇ. ಸಮರೂಪ ತ್ರಿಭುಜದ ಪಾಠದಲ್ಲಿ ನಾನು ಇದನ್ನು ಮೂರು ಸಲ ಹೇಳಿದ್ದೆ. ಅವಳಿಗೆ ಅರ್ಥವಾದದ್ದು ಆ ದಿನ.

ಇನ್ನು ತೂಕ. ನಿಜವಾದ ಕಾರು ಸುಮಾರು 1100 ಕಿಲೊ. ಅದರ 22ರಲ್ಲಿ ಒಂದು ಪಾಲು ಎಷ್ಟು? 50 ಕಿಲೊ ಎಂದು ತರಗತಿಯಲ್ಲಿ ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಗೇಣುದ್ದದ ಕಾರು ಒಂದು ಅಕ್ಕಿ ಗೋಣಿಯಷ್ಟು ಭಾರವಾ ಮಾರಾಯ್ರೆ? ಉದ್ದ, ಅಗಲ, ಎತ್ತರ ಮೂರೂ 22 ಪಟ್ಟು ಕುಗ್ಗಿವೆ. ಹಾಗಾಗಿ ಗಾತ್ರ ಕುಗ್ಗುವುದು 22 × 22 × 22, ಅಂದರೆ 10,648 ಪಟ್ಟು. ತೂಕವೂ ಅಷ್ಟೇ ಕುಗ್ಗಿದರೆ ಸುಮಾರು 103 ಗ್ರಾಂ. ಪ್ರಯೋಗಾಲಯದ ತಕ್ಕಡಿಯಲ್ಲಿ ಅವಳ ಕಾರು 68 ಗ್ರಾಂ ಬಂತು. ಉಳಿದ 35 ಗ್ರಾಂ ಹೊಳೆಯ ಮರಳನ್ನು ಬಾನೆಟ್ಟಿನ ಒಳಗೆ ತುಂಬಿದಳು. ಅಲ್ಲೇ ಯಾಕೆಂದರೆ ಎಂಜಿನ್ ಇರುವುದು ಅಲ್ಲಿ. ಇದು ಅಪ್ಪನಿಗೆ ಗೊತ್ತಾಗುತ್ತದಾ ಎಂದು ಕೇಳಿದೆ. "ಅಪ್ಪನಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಲ್ಲ ಸರ್" ಎಂದಳು.

ಆಮೇಲೆ ಅದು 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಒಮ್ಮೆ ಬಿತ್ತು. ಒಂದು ಮುಚ್ಚಳ ಕಳಚಿತು, ಅಷ್ಟೇ. ಅದೇ ಪ್ರಮಾಣದಲ್ಲಿ ನಿಜವಾದ ಕಾರು ಬೀಳಬೇಕಾದರೆ 16.5 ಮೀಟರ್, ಹೆಚ್ಚುಕಡಿಮೆ ಐದು ಮಾಳಿಗೆ. ನೆಲ ಮುಟ್ಟುವಾಗ ಗಂಟೆಗೆ 65 ಕಿಲೊಮೀಟರ್ ವೇಗ ಇರುತ್ತದೆ, ಕಾರು ಅಪ್ಪಚ್ಚಿ. ಪ್ರತಿ ಗ್ರಾಂ ಸಹಿಸಬೇಕಾದ ಶಕ್ತಿ 22 ಪಟ್ಟು ಹೆಚ್ಚು. ದೊಡ್ಡದು ಎಂದರೆ ಚಿಕ್ಕದನ್ನು ಹಿಗ್ಗಿಸಿದ್ದಲ್ಲ. ದೊಡ್ಡ ಪ್ರಾಣಿಯ ಮೂಳೆ ಉದ್ದಕ್ಕೆ ತಕ್ಕಂತೆ ದಪ್ಪವಾದರೆ ಸಾಲದು, ಇನ್ನೂ ದಪ್ಪವಾಗಬೇಕು ಎಂದು ಗೆಲಿಲಿಯೊ 1638ರಲ್ಲೇ ಬರೆದಿದ್ದಾನೆ. ನಮ್ಮ ತರಗತಿಗೆ ಅದನ್ನು ತೋರಿಸಿದ್ದು ಒಂದು ರಟ್ಟಿನ ಕಾರು.

ತೀರ್ಪುಗಾರರ ಮಾತಿನಲ್ಲೂ ಒಂದು ಸತ್ಯವಿದೆ, ಒಪ್ಪುತ್ತೇನೆ. ಅವರ ಎದುರಿಗಿದ್ದದ್ದು ಕಾರು ಮಾತ್ರ. ನೋಟ್‌ಬುಕ್ ಬ್ಯಾಗಿನಲ್ಲಿತ್ತು. ತಪ್ಪಿದ ಅಳತೆ, ಕಾಟು ಹೊಡೆದ ಲೆಕ್ಕ, ಫೋಟೊದ ಮೇಲೆ ಎಳೆದ ಪೆನ್ಸಿಲ್ ಗೆರೆ, ಎಲ್ಲ ಅದರೊಳಗೆ. ಚೆಂದ ಕಾಣುವುದಿಲ್ಲ ಎಂದು ಅದನ್ನು ಹೊರಗೆ ಇಡಬೇಡ ಎಂದವನು ನಾನೇ. ಈ ವರ್ಷ ನೀವು ಏನೇ ಮಾಡಿ, ಅಪ್ಪನ ರಿಕ್ಷಾ, ಅಮ್ಮನ ಹೊಲಿಗೆ ಮೆಶಿನು, ಅಜ್ಜನ ಎತ್ತಿನ ಗಾಡಿ, ಮೇಜಿನ ಮೇಲೆ ಮೊದಲು ನೋಟ್‌ಬುಕ್ ಇಡಿ. ಕೇಳಿದವರಿಗೆ ಅದನ್ನೇ ತೆರೆದು ತೋರಿಸಿ.

ಮೇಳಕ್ಕೆ ಆ ಕಾರನ್ನು ಅವಳ ಅಪ್ಪನ ಹತ್ತಿರ ಎರಡು ದಿನಕ್ಕೆ ಎಂದು ಕೇಳಿ ತರಬೇಕಾಯಿತು. ಕೊಡಲು ಅವರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಎಡಬದಿಯ ಮುಂದಿನ ಮಡ್‌ಗಾರ್ಡಿನಲ್ಲಿ ಹುಡುಗಿ ಒಂದು ತಗ್ಗು ಮಾಡಿದ್ದಳು. ನಿಜವಾದ ಕಾರಿನಲ್ಲಿ 18 ಸೆಂಟಿಮೀಟರ್ ಉದ್ದ, 4 ಆಳ ಇದ್ದದ್ದು ಇಲ್ಲಿ 8 ಮಿಲಿಮೀಟರ್ ಉದ್ದ, 2 ಮಿಲಿಮೀಟರಿಗೂ ಕಡಿಮೆ ಆಳ. ನನಗೆ ಅದು ಅಂಟು ಹಾಕುವಾಗ ಆದ ತಪ್ಪಿನ ಹಾಗೆ ಕಂಡಿತ್ತು. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿ, "ಇದು ಕುಂಬಳೆಯಲ್ಲಿ ಆದದ್ದು ಮಾಷ್ಟ್ರೇ, ಇವಳು ಹುಟ್ಟಿದ ರಾತ್ರಿ" ಎಂದರು.