ಹೆಡ್‌ಫೋನ್ ಕೊಳ್ಳುವಾಗ ಕಿವಿಯ ಮಾತು ಕೇಳಿ

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಸಂಗೀತದ ಹುಚ್ಚಿರುವ ಕನ್ನಡಿಗರ ಫೋನಿನಲ್ಲಿ ಭೀಮಸೇನ ಜೋಶಿಯವರ ಮರಾಠಿ ಅಭಂಗವೂ ಇರುತ್ತದೆ, ಕನ್ನಡದ ದಾಸರ ಪದವೂ ಇರುತ್ತದೆ, ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವೂ ಇರುತ್ತದೆ. ಇವನ್ನು ಚೆನ್ನಾಗಿ ಕೇಳಬೇಕೆಂದು ಹೆಡ್‌ಫೋನ್ ಕೊಳ್ಳಲು ಹೊರಟರೆ, ‘ಸ್ಟುಡಿಯೋದವರು ಬಳಸುವಂಥದ್ದನ್ನೇ ತಗೊಳ್ಳಿ, ಇದ್ದದ್ದು ಇದ್ದಂತೆ ಕೇಳಿಸುತ್ತದೆ’ ಎನ್ನುವವರು ಸಿಗುತ್ತಾರೆ. ಹಾಡು ಕೇಳಿ ಸುಖಪಡುವವರಿಗೆ ಆ ಸಲಹೆ ಒಗ್ಗುವುದಿಲ್ಲ.

ಸ್ಟುಡಿಯೋ ಹೆಡ್‌ಫೋನ್ ಇರುವುದೇ ತಪ್ಪು ಹಿಡಿಯಲು. ಅಂಥ ಅನೇಕ ಮಾದರಿಗಳು ಮೇಲಿನ ಸದ್ದನ್ನು ಎತ್ತಿ ಕೊಡುತ್ತವೆ. ಮೈಕಿನ ಸರಸರ, ಗಾಯಕರು ಉಸಿರೆಳೆದದ್ದು ಎಂಜಿನಿಯರಿಗೆ ಥಟ್ಟನೆ ತಿಳಿಯುತ್ತದೆ. ಅದೇ ಹೆಡ್‌ಫೋನಿನಲ್ಲಿ ಮನ್ಸೂರರ 1930ರ ದಶಕದ 78 ಆರ್‌ಪಿಎಂ ಮುದ್ರಿಕೆ ಹಾಕಿ ನೋಡಿ: ಸೂಜಿಯ ಕರಕರ ಮುಂದೆ ಬರುತ್ತದೆ, ದನಿ ಹಿಂದೆ ಸರಿಯುತ್ತದೆ. ಅಭಂಗದ ತಾಳ ಕಿವಿಗೆ ಚುಚ್ಚುತ್ತದೆ.

‘ನಿಖರ’ ಎಂಬ ಮಾತಿನಲ್ಲೂ ತೊಡಕಿದೆ. ಕೋಣೆಯಲ್ಲಿ ಸ್ಪೀಕರಿನ ಸದ್ದು ಗೋಡೆಗೆ, ಹೆಗಲಿಗೆ, ಕಿವಿಯ ಮಡಿಕೆಗಳಿಗೆ ತಾಗಿ ಒಳಗೆ ಹೋಗುತ್ತದೆ. ಹೆಡ್‌ಫೋನು ಕಿವಿಯ ಬಾಯಲ್ಲೇ ಕೂತು ನುಡಿಯುತ್ತದೆ. ಹಾಗಾಗಿ ಅಳತೆಯ ಯಂತ್ರ ನೇರಗೆರೆ ತೋರಿಸಿದ ಮಾತ್ರಕ್ಕೆ ನಮ್ಮ ಕಿವಿಗೂ ಅದು ಸಹಜವಾಗಿ ಕೇಳಬೇಕೆಂದಿಲ್ಲ. ಹರ್ಮಾನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರ ಹೊತ್ತಿನಿಂದ ಕೇಳುಗರನ್ನು ಕೂರಿಸಿ ಪರೀಕ್ಷಿಸಿದರು. ಹೆಚ್ಚಿನವರು ಮೆಚ್ಚಿದ್ದು ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರನ್ನು ಹೋಲುವ, ಬೇಸ್ ತುಸು ಹೆಚ್ಚಿರುವ ನಾದವನ್ನು. ಹಿತವಾಗಿ ಕೇಳಿಸುವುದೆಲ್ಲ ಕಲಬೆರಕೆಯಲ್ಲ.

ಆದರೆ ‘ತುಸು’ ಎಂಬುದನ್ನು ಮರೆಯಬಾರದು. ಬೇಸ್ ಅತಿಯಾದರೆ ತಬಲಾದ ಡಗ್ಗಾ ಗುಂಯ್‌ಗುಟ್ಟಿ ದನಿಯನ್ನು ಮುಚ್ಚುತ್ತದೆ. ವಚನದಲ್ಲಿ ಮಾತೇ ಮುಖ್ಯ. ಅಕ್ಷರ ತಿಳಿಯದಿದ್ದರೆ ಕೇಳಿದ್ದು ವ್ಯರ್ಥ.

ಎಲ್ಲಿ ಕೂತು ಕೇಳುತ್ತೀರಿ ಎಂಬುದೂ ಮುಖ್ಯ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಬಸ್ಸಿನ ಗುಡುಗುಡು ಕೆಳಗಿನ ಸದ್ದುಗಳನ್ನೇ ನುಂಗುತ್ತದೆ. ತಂಬೂರಿಯ ಖರ್ಜ ಕೇಳದು, ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಇಲ್ಲಿ ಕಿವಿಯನ್ನು ಬಿಗಿಯಾಗಿ ಮುಚ್ಚುವಂಥದ್ದೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. ಮನೆಯಲ್ಲಿ ನಿಶ್ಶಬ್ದವಿದ್ದರೆ ಹಿಂಬದಿ ತೆರೆದ ಮಾದರಿ ಚೆನ್ನ, ನಾದ ಹರವಾಗಿ ಕೇಳುತ್ತದೆ. 40 ಡಿಗ್ರಿ ದಾಟುವ ಸೊಲ್ಲಾಪುರದ ಬೇಸಿಗೆಯಲ್ಲಿ ರೆಕ್ಸಿನ್ ಮೆತ್ತೆ ಬೆವರಿಳಿಸುತ್ತದೆ, ಬಟ್ಟೆಯದು ವಾಸಿ.

ಬಾಯಿಪಾಠವಾಗಿರುವ ಎರಡು ಹಾಡು ಫೋನಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಹೋಲಿಸುವಾಗ ಎರಡೂ ಹೆಡ್‌ಫೋನಿನ ಸದ್ದು ಒಂದೇ ಮಟ್ಟದಲ್ಲಿರಲಿ, ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಒಂದು ಖ್ಯಾಲ್ ಪೂರ್ತಿ ಕೇಳಿ. ನಡುವೆ ತೆಗೆದಿಡಬೇಕು ಅನಿಸಿದರೆ, ಎಷ್ಟೇ ಹೊಗಳಿಕೆಯಿದ್ದರೂ ಅದು ನಿಮ್ಮದಲ್ಲ. ಅಷ್ಟು ಹೊತ್ತು ಕೇಳಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.