ಕೇಡ್‌ಗಾಂವ್ ದಾಟುವಾಗ

ಪುಣೆಯಿಂದ ಸೋಲಾಪುರ, ಕಲಬುರಗಿ, ರಾಯಚೂರಿನ ಕಡೆ ರೈಲು ಹತ್ತುವ ನಮ್ಮವರಿಗೆ ದೌಂಡ್ ಗೊತ್ತು. ಚಹಾಕ್ಕೆ ಇಳಿಯುವುದು ಅಲ್ಲೇ. ಅದಕ್ಕೂ ಮೊದಲು ಒಂದು ಸಣ್ಣ ಸ್ಟೇಷನ್ ಕಿಟಕಿಯಾಚೆ ಸರಿದು ಹೋಗುತ್ತದೆ. ಹೆಸರು ಕೇಡ್‌ಗಾಂವ್. ದೂರದ ಗಾಡಿಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ, ನಾವೂ ತಲೆ ಎತ್ತಿ ನೋಡುವುದಿಲ್ಲ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಆ ಊರಿನಲ್ಲಿ.

ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ. ಅದು ಸರಿಯೇ, ಮನೆಮಾತು ಮರಾಠಿ. ಆದರೆ 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಕಾರ್ಕಳದ ಮಾಳದ ಕಡೆ. ಅವರಿಗೆ ಕನ್ನಡ ಬರುತ್ತಿತ್ತು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ಸಿಟ್ಟಿಗೆ ಗುರಿಯಾದವರು. ಕಾಡಿನಲ್ಲಿ ಆಶ್ರಮ ಕಟ್ಟಿ, ಬಂದವರಿಗೆಲ್ಲ ಊಟ ಹಾಕಿ ಸಾಲ ಮಾಡಿಕೊಂಡರು. ಮಗು ರಮಾ ಆರು ತಿಂಗಳಿನವಳಿದ್ದಾಗಲೇ ಮನೆ ಬಿಟ್ಟು, ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಹೊರಟರು.

1870ರ ದಶಕದಲ್ಲಿ ಬರ ಬಿತ್ತು. ಕೈಯಲ್ಲಿದ್ದ ದುಡ್ಡು, ಪಾತ್ರೆ, ಬಟ್ಟೆ ಎಲ್ಲ ಕರಗಿತು. ತಿರುಪತಿಯ ಹತ್ತಿರದ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಕಾಡು ಈಚಲು ಹಣ್ಣು ತಿಂದು ಕಳೆದದ್ದನ್ನು ರಮಾಬಾಯಿ ಮುಂದೆ ಬರೆದಿದ್ದಾರೆ. ಮೊದಲು ತಂದೆ ಹೋದರು. ರಾಯಚೂರಿಗೆ ಬಂದಾಗ ತಾಯಿ ಹೋದರು. ಚಟ್ಟಕ್ಕೆ ಹೆಗಲು ಕೊಡಲು ಇಬ್ಬರು ಮುಂದೆ ಬಂದರು, ಅಣ್ಣ ಮೂರನೆಯವನು, ನಾಲ್ಕನೆಯವಳು ಮಗಳೇ. ಎತ್ತರ ಸಾಲದ್ದರಿಂದ ಹೆಗಲಿಗೆ ಬದಲು ತಲೆಯ ಮೇಲೆ ಹೊತ್ತಳು. ಅಕ್ಕನೂ ಉಳಿಯಲಿಲ್ಲ. ಉಳಿದಿಬ್ಬರು ಸಾವಿರಾರು ಮೈಲಿ ನಡೆದರು, ಚಳಿಗೆ ನದಿಯ ದಡದಲ್ಲಿ ಗುಂಡಿ ತೋಡಿ ಮರಳು ಹೊದ್ದು ಮಲಗಿದರು.

ಆಮೇಲಿನದು ಬೇಗ ಹೇಳಬಹುದು. 1878ರಲ್ಲಿ ಕಲ್ಕತ್ತೆ, ‘ಪಂಡಿತಾ’, ‘ಸರಸ್ವತಿ’ ಬಿರುದುಗಳು. 1880ರಲ್ಲಿ ಅಣ್ಣನ ಸಾವು, ಅದೇ ವರ್ಷ ಬಂಗಾಳದ ವಕೀಲರೊಬ್ಬರೊಡನೆ ಮದುವೆ. 1882ರಲ್ಲಿ ಕಾಲರಾಕ್ಕೆ ಗಂಡ ಬಲಿ. ಕೈಯಲ್ಲಿ ಎಳೆಯ ಮಗಳು ಮನೋರಮಾ. ವಯಸ್ಸು 24 ತುಂಬಿರಲಿಲ್ಲ.

ಶಾಸ್ತ್ರ ಹೇಳಿದ ದಾನ, ಯಾತ್ರೆ, ವ್ರತ ಎಲ್ಲ ಮಾಡಿದರೂ ಮನೆಯವರು ಹಸಿವಿನಿಂದ ಸತ್ತರು ಎಂಬುದು ಅವರ ಹಳೆಯ ನಂಬಿಕೆ ಸಡಿಲಾಗಲು ಒಂದು ಕಾರಣ. ಹಾಗಾದರೆ ‘ಈ ದೇವರಿಂದ ಆಗಲಿಲ್ಲ, ಆ ದೇವರನ್ನು ನೋಡೋಣ’ ಎಂದು ಕ್ರಿಸ್ತನ ಕಡೆ ಹೋದರೆ? ನನಗೆ ಹಾಗೆ ಕಾಣುವುದಿಲ್ಲ. ಇಂಗ್ಲೆಂಡಿನ ವಾಂಟೇಜ್ ಕನ್ಯಾಮಠದವರು ಲಂಡನ್ನಿನ ಫುಲ್ಹಾಮ್‌ನಲ್ಲಿ ನಡೆಸುತ್ತಿದ್ದ ಒಂದು ಮನೆಯನ್ನು ಅವರು ನೋಡಿದರು. ಸಮಾಜ ‘ಕೆಟ್ಟವರು’ ಎಂದು ಹೊರಗಿಟ್ಟ ಹೆಂಗಸರನ್ನು ಅಲ್ಲಿ ಮನುಷ್ಯರಂತೆ ನಡೆಸಿಕೊಳ್ಳುತ್ತಿದ್ದರು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಸಿಸ್ಟರ್ ಒಬ್ಬರು ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ, ಬಾವಿಯ ಹತ್ತಿರ ಯೇಸುವಿನೊಡನೆ ಮಾತಾಡಿದ ಸಮಾರ್ಯದ ಹೆಂಗಸಿನ ಕತೆ ಓದಿ ಹೇಳಿದರು. ಅವರ ಮನಸ್ಸಿಗೆ ತಾಗಿದ್ದು ಅದು. 1883ರ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಪಡೆದರು.

ಹಾಗೆಂದು ಸಭೆಯ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ನಮ್ಮ ಸಂಸ್ಕೃತಕ್ಕಿಂತ ಅದು ಯಾವುದರಲ್ಲಿ ಹೆಚ್ಚು ಎಂದು ವಾದಿಸಿದರು. ಸಸ್ಯಾಹಾರ ಬಿಡಲಿಲ್ಲ. ಇತ್ತ ಪುಣೆಯಲ್ಲೂ ನೆಮ್ಮದಿ ಇರಲಿಲ್ಲ. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ತಂದ ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆ ಎಂಬ ಗದ್ದಲವೆದ್ದು, 1893ರಲ್ಲಿ ಹಲವು ಮನೆಯವರು ಹುಡುಗಿಯರನ್ನು ವಾಪಸು ಕರೆದುಕೊಂಡು ಹೋದರು. ಆ ವಾದ ಇಂದಿಗೂ ಮುಗಿದಿಲ್ಲ. ಅದರಲ್ಲಿ ಯಾವ ಕಡೆ ನಿಂತವರೂ ಮುಂದಿನದನ್ನು ಅಲ್ಲಗಳೆಯಲಾರರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಬರ ಬಂತು. ಸುದ್ದಿ ಕೇಳಿದಾಗ ಅವರಿಗೆ ನೆನಪಾದದ್ದು ತಮ್ಮದೇ ಆ ದಿನಗಳು. ಹಸಿದ ಹುಡುಗಿಯರನ್ನು ದಾರಿಯಲ್ಲಿ ಎಂಥವರು ಕಾದು ನಿಂತಿರುತ್ತಾರೆ ಎಂಬುದು ನಡೆದು ಬಂದವರಿಗೆ ಗೊತ್ತು. ಎದ್ದು ಹೊರಟರು. ಸುಮಾರು 300 ಹುಡುಗಿಯರನ್ನು, ಎಳೆಯ ವಿಧವೆಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು. ಅಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಕೇಡ್‌ಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಹೊಲ ಆಗ ಊರಾಯಿತು. 1900ರಲ್ಲಿ ಗುಜರಾತಿನ ಬರ. ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು.

ಎರಡು ಸಾವಿರ ಹೊಟ್ಟೆ! ಮನೆಗೆ ನಾಲ್ಕು ಜನ ನೆಂಟರು ಬಂದರೆ ಗ್ಯಾಸ್ ಸಿಲಿಂಡರ್ ಲೆಕ್ಕ ಹಾಕುವವರು ನಾವು. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಎಣ್ಣೆ ಗಾಣ, ಮಗ್ಗ, ಹಸುಗಳು, ಅಚ್ಚುಕೂಟ, ಶಾಲೆ. ಹುಡುಗಿಯರೇ ಮೊಳೆ ಜೋಡಿಸಿದರು, ಬಟ್ಟೆ ನೇಯ್ದರು. ಕಣ್ಣಿಲ್ಲದವರಿಗೆ ಬಾರ್ತಿಮೀ ಸದನ; ಹೆಸರು ಸುವಾರ್ತೆಯ ಕುರುಡ ಭಿಕ್ಷುಕನದು. ಫುಲ್ಹಾಮ್‌ನಲ್ಲಿ ಕಂಡಂಥ ಹೆಂಗಸರಿಗೆ ಕೃಪಾ ಸದನ.

ಸಾವಿನ ಮನೆಗೆ ಹೋದಾಗ ನಾವು ಕ್ರೈಸ್ತರು ‘ದೇವರ ಚಿತ್ತ’ ಎನ್ನುತ್ತೇವೆ. ಬೇರೆ ಮಾತು ತೋಚುವುದಿಲ್ಲ. ನಾನೂ ಎಷ್ಟೋ ಸಲ ಅಂದಿದ್ದೇನೆ, ಅಂದ ಮೇಲೆ ಚಪ್ಪಲಿ ಹುಡುಕಿ ಮನೆಗೆ ಬಂದಿದ್ದೇನೆ. ರಮಾಬಾಯಿ ಪ್ರಾರ್ಥನೆಯಲ್ಲಿ ನಮಗಿಂತ ಹೆಚ್ಚೇ ನಂಬಿಕೆ ಇಟ್ಟವರು. ಆದರೆ ಇನ್ನೊಬ್ಬರ ಹಸಿವಿನ ಎದುರು ಆ ಎರಡು ಶಬ್ದ ಹೇಳಿ ಎದ್ದು ಬರಲಿಲ್ಲ.

ನಂಬಿದ ಮೇಲೆ ಕಷ್ಟ ತಪ್ಪಿತೇ ಎಂದರೆ, ಅದೂ ಇಲ್ಲ. ಮನೋರಮಾ ತಾಯಿಯ ಬಲಗೈಯಾಗಿ ಬೆಳೆದಳು. ಅಂದು ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ಅವರು ಹೈಸ್ಕೂಲು ತೆರೆದಾಗ ಅದನ್ನು ನಡೆಸಿದ್ದೂ ಅವಳೇ. ಎಲ್ಲ ಹೊಣೆ ಮಗಳಿಗೆ ಒಪ್ಪಿಸಬೇಕು ಎಂದುಕೊಂಡಿದ್ದಾಗ, 1921ರಲ್ಲಿ, ಮಗಳೇ ತೀರಿಕೊಂಡಳು. ತಾಯಿಗೆ ಆಗ 63. ಕಿವಿ ಮಂದವಾಗಿತ್ತು. ಹೀಬ್ರೂ, ಗ್ರೀಕ್ ಕಲಿತು, ಓದುಬರಹ ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲನ್ನು ತರುವ ಕೆಲಸ ವರ್ಷಗಳಿಂದ ನಡೆದಿತ್ತು. ಕರಡು ತಿದ್ದುವುದು ಬಾಕಿ ಇತ್ತು. ಮತ್ತೆ ಕರಡಿನ ಮುಂದೆ ಕೂತರು. ಒಂಬತ್ತು ತಿಂಗಳಾಗುವ ಮೊದಲೇ, 1922ರ ಏಪ್ರಿಲ್ 5ರಂದು, ಕೇಡ್‌ಗಾಂವ್‌ನಲ್ಲೇ ಅವರೂ ತೀರಿಕೊಂಡರು.