ಕ್ಯಾಮೆರಾ ಮನೇದು, ಕಣ್ಣು ಬೆಂಗಳೂರಲ್ಲಿ

ಕ್ಯಾಮೆರಾ ಹಾಕಿಸ್ಬೇಕಾ ಬೇಡ್ವಾ ಅಂತ ನಮ್ಮ ಮಲ್ಲಿಪಟ್ಟಣದ ಬೀದೀಲೇ ಮೂರು ಮನೆಯೋರು ನನ್ನ ಕೇಳಿದ್ರು. ಹಾಕಿಸ್ಕಳಿ. ಆದ್ರೆ ಅದರ ಪಾಸ್‌ವರ್ಡು ಮನೇಲಿರೋ ಹೆಂಗಸಿನ ಕೈಲಿರ್ಬೇಕು, ಕೆಟ್ರೆ ಸರಿ ಮಾಡೋದೂ ಅವಳಿಗೆ ಗೊತ್ತಿರ್ಬೇಕು. ಇಲ್ದಿದ್ರೆ ದುಡ್ಡು ದಂಡ ಕಣ್ರೇ.

ಹೋದ ವರ್ಷ ಮಗ ಬೆಂಗಳೂರಿಂದ ಬಂದು ನಾಕು ಕ್ಯಾಮೆರಾ, ವೈಫೈಗೆ ಮೂರು ಡಬ್ಬ ಹಾಕಿ ಹೋದ. ಮೆಶ್ ಅಂತಾರೆ ಅದಕ್ಕೆ. ಬಾವಿಯಿಂದ ಸಾಲಾಗಿ ನಿಂತು ಬಿಂದಿಗೆ ದಾಟಿಸ್ತಿದ್ವಲ್ಲ, ಹಂಗೆ ಒಂದು ಡಬ್ಬ ಇನ್ನೊಂದಕ್ಕೆ ಸಿಗ್ನಲ್ ದಾಟಿಸ್ತದೆ. ಆಪು ಇದ್ದದ್ದು ಮಗನ ಫೋನಲ್ಲಿ, ನಮ್ಮನೆಯವ್ರ ಫೋನಲ್ಲಿ. ಹಗಲೂ ರಾತ್ರಿ ಮನೇಲಿರೋಳು ನಾನು, ನನಗಿಲ್ಲ!

ದೀಪಾವಳಿ ಕಳೆದು ಒಂದು ರಾತ್ರಿ ಕೊಟ್ಟಿಗೆ ಪಕ್ಕ ರಾಶಿ ಹಾಕಿದ್ದ ತೆಂಗಿನಕಾಯಿ ಒಂದಷ್ಟು ಹೋದ್ವು. ನೋಡಿದ್ರೆ ಆ ಕ್ಯಾಮೆರಾ ಹನ್ನೊಂದು ದಿನದಿಂದ ಆಫ್‌ಲೈನು. ಮಗನ ಫೋನಿಗೆ ಮೆಸೇಜ್ ಬಂದಿತ್ತಂತೆ, ಕೆಲಸದ ಗಡಿಬಿಡೀಲಿ ನೋಡಿಲ್ಲ. ಎಲ್ಲರ ಬಾಯಲ್ಲೂ ಕೂಲಿಗೆ ಬರ್ತಿದ್ದ ಹುಡುಗನ ಹೆಸರೇ ಬಂತು. ಅವನಲ್ಲ ಅಂತ ನಾನಂದ್ರೂ ತೋರ್ಸಕ್ಕೆ ಏನಿತ್ತು? ಅವನು ಮತ್ತೆ ನಮ್ಮ ಬಾಗಿಲಿಗೆ ಬರ್ಲಿಲ್ಲ. ಅವರಮ್ಮ ಅರಕಲಗೂಡು ಬಸ್ಸಲ್ಲಿ ಸಿಕ್ರೆ ಈಗ್ಲೂ ಮುಖ ತಿರುಗಿಸ್ತಾಳೆ.

ಅವತ್ತೇ ಮಗನಿಗೆ ಫೋನ್ ಮಾಡಿ ನನಗೂ ಹಾಕ್ಕೊಡು ಅಂದೆ. "ನಿಂಗೆ ಗೊತ್ತಾಗಲ್ಲಮ್ಮ" ಅಂದ. ಪಿಯುಸಿ ಓದಿದೀನಿ ಕಣಪ್ಪ ಅಂದೆ.

ಮೂರನೇ ಡಬ್ಬ ಕೊಟ್ಟಿಗೇಲೇ ಇಟ್ಟಿದ್ದ. ನಮ್ಮದು ಹಳೇ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಡಬ್ಬಕ್ಕೇ ಸಿಗ್ನಲ್ ಇಲ್ದಿದ್ರೆ ಕ್ಯಾಮೆರಾಗೇನು ಕೊಡ್ತದೆ? ತಂದು ಅರ್ಧ ದಾರೀಲಿ, ಅಡಿಗೆಮನೆ ಹಿಂದಿನ ಕಿಟಕೀಲಿ ಇಟ್ಟೆ. ಅಷ್ಟಕ್ಕೇ ಸರಿಹೋಗ್ತಿತ್ತೇನೋ, ಆದ್ರೆ ನಾನು ಅದಕ್ಕೂ ಮೊದ್ಲೇ ಕ್ಯಾಮೆರಾದ ರಿಸೆಟ್ ಗುಂಡಿ ಒತ್ತಿಬಿಟ್ಟಿದ್ದೆ, ಪೆದ್ದಿ! ಮಗನ ಆಪಿಂದ ಅದನ್ನ ತೆಗ್ಸಿ ನನ್ನ ಹೆಸರಲ್ಲಿ ಸೇರ್ಸಕ್ಕೆ ಹೋದ್ರೆ ಒಲ್ಲೆ ಅಂತು. ಇಂಥ ಕ್ಯಾಮೆರಾ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈ ಒಂದನ್ನೇ ಹಿಡಿಯೋದು. ಮೆಶ್ಶಲ್ಲಿ 2.4ಕ್ಕೂ 5ಕ್ಕೂ ಒಂದೇ ಹೆಸರು, ಫೋನು 5 ಹಿಡ್ಕೊಂಡು ಕೂತಿತ್ತು. ವೈಫೈ ಆಪಲ್ಲಿ 5ನ್ನ ವಸಿ ಹೊತ್ತು ಆಫ್ ಮಾಡಿದೆ, ಸೇರ್ಕಂತು.

ಆದ್ರೂ ರಾತ್ರಿ ಮಾತ್ರ ಕೈಕೊಡೋದು. ಇದಕ್ಕೆ ನಾಕು ದಿನ ತಲೆ ಕೆಡಿಸ್ಕೊಂಡೆ. ಕತ್ತಲಾದ್ಮೇಲೆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದಂಥ ದೀಪ ಹಚ್ಕೊಳ್ತದೆ, ಆಗ ಕರೆಂಟು ಜಾಸ್ತಿ ಬೇಕು. ಅದಕ್ಕೆ ಹಾಕಿದ್ದು ಯಾವ್ದೋ ಹಳೇ ಫೋನಿನ ಚಾರ್ಜರು, ಮಾರುದ್ದದ ತೆಳ್ಳನೆ ವೈರು! ಅದರದ್ದೇ ಚಾರ್ಜರು, ಗಿಡ್ಡ ವೈರು ಹಾಕಿದ್ಮೇಲೆ ಸುಮ್ಮನಾಯ್ತು.

ಕರೆಂಟ್ ಹೋಗಿ ಬಂದಾಗ ಎಲ್ಲ ಒಟ್ಟಿಗೆ ಎದ್ದು ಗಲಿಬಿಲಿ ಆಗೋದೂ ಉಂಟು. ಮೊದಲು ದೊಡ್ಡ ಡಬ್ಬ, ಆಮೇಲೆ ಮರಿ ಡಬ್ಬ, ಅವೆರಡೂ ಸರಿಯಾದ್ಮೇಲೆ ಕ್ಯಾಮೆರಾದ ಸ್ವಿಚ್ಚು ಹಾಕಿ. ಒಳಗೊಂದು ಮೆಮೊರಿ ಕಾರ್ಡ್ ಇರ್ಲಿ, ಇಂಟರ್ನೆಟ್ ಇಲ್ದಿದ್ರೂ ಅದರಲ್ಲಿ ಉಳೀತದೆ.

ನಡುಮನೇಲಿದ್ದ ಕ್ಯಾಮೆರಾ ನಾನೇ ಕಿತ್ತು ಬೀರುಗೆ ಹಾಕ್ದೆ. ಹಿತ್ತಲಿಂದನ್ನ ವಸಿ ತಿರುಗಿಸಿದೀನಿ, ಪಕ್ಕದ ಮನೆ ಬಟ್ಟೆ ಒಗೆಯೋ ಕಲ್ಲು ಕಾಣ್ತಿತ್ತು.

ಸೇರ್ಸಕ್ಕೆ ಬರ್ದಿದ್ರೆ ಮಧ್ಯಾಹ್ನ ಮೂರರ ಮೇಲೆ ಬನ್ನಿ. ಚಾರ್ಜರ್ ಮರೀದೆ ತನ್ನಿ.